ಅಪಾಯಕಾರಿ ವಾಹನ ಚಾಲನೆ ಪ್ರಕರಣಗಳಲ್ಲಿ ಶಿಕ್ಷೆಯ ವಿರುದ್ಧ ಮೇಲ್ಮನವಿ: ಭೋಜ ಹಾಗೂ ಸುತ್ತಲಿನ ಗ್ರಾಮಗಳ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ದುಡುಕಿನ ಅಥವಾ ನಿರ್ಲಕ್ಷ್ಯದ ವಾಹನ ಚಾಲನೆಗಾಗಿ ಕೆಳಹಂತದ ನ್ಯಾಯಾಲಯವು ಅಪರಾಧಿಯೆಂದು ತೀರ್ಪು ನೀಡಿದಲ್ಲಿ, ಆ ತೀರ್ಪನ್ನು ಮೇಲಿನ ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಕ್ಕನ್ನು ಕಾನೂನು ಕಲ್ಪಿಸಿದೆ. ಬೆಳಗಾವಿ ಜಿಲ್ಲೆಯ ಭೋಜ ಹಾಗೂ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ನಾಗರಿಕರಿಗೆ ಈ ಹಕ್ಕಿನ ಸ್ವರೂಪ, ಅದನ್ನು ಚಲಾಯಿಸಬೇಕಾದ ಅವಧಿ, ಸಲ್ಲಿಸಬೇಕಾದ ದಾಖಲೆಗಳು ಹಾಗೂ ನ್ಯಾಯಾಲಯಗಳು ಪರಿಶೀಲಿಸುವ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಅಪಘಾತ ಸಂಭವಿಸಿತು, ಅದರಲ್ಲಿ ಒಬ್ಬರು ಮೃತಪಟ್ಟರು ಎಂಬ ಕಾರಣದಿಂದಲೇ ಚಾಲಕನು ಅಪರಾಧಿಯಾಗುವುದಿಲ್ಲ. ಚಾಲಕನು ಮಾಡಿದ್ದೇನು, ಅಥವಾ ಮಾಡಬೇಕಾದುದನ್ನು ಮಾಡದೆ ಬಿಟ್ಟದ್ದೇನು ಎಂಬುದು ಸಾಕ್ಷ್ಯದಿಂದ ರುಜುವಾತಾಗತಕ್ಕದ್ದು. ಮೇಲ್ಮನವಿಯು ಮುಖ್ಯವಾಗಿ ಈ ರುಜುವಾತಿನ ಪರಿಶೀಲನೆಯೇ ಆಗಿರುತ್ತದೆ. ಆದ್ದರಿಂದ ಮೇಲ್ಮನವಿಯ ಫಲಿತಾಂಶವು ವಿಚಾರಣಾ ನ್ಯಾಯಾಲಯದ ಕಡತದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ.

2. ಅನ್ವಯವಾಗುವ ಕಾನೂನುಗಳು

ಘಟನೆ ನಡೆದ ದಿನಾಂಕವನ್ನು ಮೊದಲು ಗಮನಿಸತಕ್ಕದ್ದು. 2024ರ ಜುಲೈ 1ಕ್ಕಿಂತ ಮೊದಲು ನಡೆದ ಕೃತ್ಯಗಳಿಗೆ ಭಾರತೀಯ ದಂಡ ಸಂಹಿತೆ, 1860 ಅನ್ವಯಿಸುತ್ತದೆ. ಆ ದಿನಾಂಕದಂದು ಮತ್ತು ತದನಂತರ ನಡೆದ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆ, 2023 ಅನ್ವಯಿಸುತ್ತದೆ. ಸಾಮಾನ್ಯವಾಗಿ ಹೊರಿಸಲಾಗುವ ಆರೋಪಗಳು ಈ ಕೆಳಕಂಡಂತಿವೆ:

ಅ) ಸಾರ್ವಜನಿಕ ರಸ್ತೆಯಲ್ಲಿ ದುಡುಕಿನ ಅಥವಾ ನಿರ್ಲಕ್ಷ್ಯದ ಚಾಲನೆ: ಹಿಂದಿನ ಕಲಂ 279, ಈಗಿನ ಕಲಂ 281. ಆರು ತಿಂಗಳವರೆಗಿನ ಕಾರಾವಾಸ, ಅಥವಾ 1,000 ರೂಪಾಯಿವರೆಗಿನ ದಂಡ, ಅಥವಾ ಎರಡೂ.

ಆ) ಇತರರ ಪ್ರಾಣಕ್ಕೆ ಅಪಾಯ ಉಂಟುಮಾಡಿ ಗಾಯ ಅಥವಾ ಭಾರಿ ಗಾಯಕ್ಕೆ ಕಾರಣವಾಗುವುದು: ಹಿಂದಿನ ಕಲಂ 337 ಮತ್ತು 338, ಈಗಿನ ಕಲಂ 125. ಗಾಯವಾದಲ್ಲಿ ಆರು ತಿಂಗಳವರೆಗಿನ ಕಾರಾವಾಸ, ಅಥವಾ 5,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಭಾರಿ ಗಾಯವಾದಲ್ಲಿ ಮೂರು ವರ್ಷದವರೆಗಿನ ಕಾರಾವಾಸ, ಅಥವಾ 10,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಈ ಪ್ರಮಾಣಗಳು ಈಗಿನ ಕಲಮಿನವು.

ಇ) ನಿರ್ಲಕ್ಷ್ಯದಿಂದ ಮರಣಕ್ಕೆ ಕಾರಣವಾಗುವುದು: ಹಿಂದಿನ ಕಲಂ 304ಎ, ಈಗಿನ ಕಲಂ 106ರ ಒಂದನೆಯ ಉಪಕಲಂ. ಹಿಂದಿನ ಕಾನೂನಿನಲ್ಲಿ ಎರಡು ವರ್ಷದವರೆಗಿನ ಕಾರಾವಾಸ, ಅಥವಾ ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿತ್ತು. ಈಗ ಐದು ವರ್ಷದವರೆಗಿನ ಕಾರಾವಾಸದೊಂದಿಗೆ ದಂಡವನ್ನೂ ವಿಧಿಸಲು ಅವಕಾಶವಿದೆ.

ಈ) ಅಪಾಯಕಾರಿ ಚಾಲನೆ: ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 184. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಮೊದಲನೆಯ ಅಪರಾಧಕ್ಕೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಒಂದು ವರ್ಷ ಮೀರದ ಕಾರಾವಾಸ, ಅಥವಾ 1,000ದಿಂದ 5,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಕೆಂಪು ದೀಪ ದಾಟುವುದು, ಚಾಲನೆಯ ವೇಳೆ ಕೈಯಲ್ಲಿ ಮೊಬೈಲ್ ದೂರವಾಣಿ ಬಳಸುವುದು, ನಿಯಮಕ್ಕೆ ವಿರುದ್ಧವಾಗಿ ಮುಂದಿನ ವಾಹನವನ್ನು ಹಿಂದಿಕ್ಕುವುದು, ಏಕಮುಖ ಸಂಚಾರದ ವಿರುದ್ಧ ದಿಕ್ಕಿನಲ್ಲಿ ಸಾಗುವುದು ಮುಂತಾದವು ಇದರ ವ್ಯಾಪ್ತಿಗೆ ಬರುತ್ತವೆ.

ಹೆಚ್ಚಿನ ಪ್ರಮಾಣದ ಹೊಸ ಶಿಕ್ಷೆಯನ್ನು ಹಳೆಯ ಕೃತ್ಯಕ್ಕೆ ವಿಧಿಸುವಂತಿಲ್ಲ. ಇದು ಸಂವಿಧಾನದ 20ನೆಯ ಅನುಚ್ಛೇದದ ರಕ್ಷಣೆಯಾಗಿದೆ. 2023ರಲ್ಲಿ ನಡೆದ ಅಪಘಾತದ ತೀರ್ಪು ಈ ದಿನ ಬಂದರೂ ಮರಣ ಪ್ರಕರಣದಲ್ಲಿ ಗರಿಷ್ಠ ಶಿಕ್ಷೆ ಎರಡು ವರ್ಷವೇ ಆಗಿರುತ್ತದೆ. ಕಲಂ 106ರ ಎರಡನೆಯ ಉಪಕಲಮು, ಅಂದರೆ ಮರಣಕ್ಕೆ ಕಾರಣವಾಗಿ ವರದಿ ಮಾಡದೆ ಪರಾರಿಯಾದ ಚಾಲಕನಿಗೆ ಹತ್ತು ವರ್ಷದವರೆಗಿನ ಶಿಕ್ಷೆಯನ್ನು ಹೇಳುವ ಭಾಗವನ್ನು, 2024ರ ಜುಲೈ 1ರಂದು ಸಂಹಿತೆಯ ಇತರ ಕಲಮುಗಳೊಂದಿಗೆ ಜಾರಿಗೆ ತರಲಾಗಿಲ್ಲ.

3. ಯಾವ ನ್ಯಾಯಾಲಯದಲ್ಲಿ ಸಲ್ಲಿಸಬೇಕು

ಪ್ರಕರಣದ ವಿಚಾರಣೆಯು ಚಾಲಕನ ವಾಸಸ್ಥಳವನ್ನು ಅವಲಂಬಿಸದೆ, ಅಪಘಾತ ನಡೆದ ಸ್ಥಳದ ಮೇಲೆ ಅಧಿಕಾರವುಳ್ಳ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳ ನ್ಯಾಯಾಲಯದಲ್ಲಿ, ಅಂದರೆ ಜನಬಳಕೆಯಲ್ಲಿ ಜೆ.ಎಂ.ಎಫ್.ಸಿ. ನ್ಯಾಯಾಲಯದಲ್ಲಿ, ನಡೆಯುತ್ತದೆ. ದಂಡಾಧಿಕಾರಿಗಳ ತೀರ್ಪಿನ ವಿರುದ್ಧದ ಮೇಲ್ಮನವಿಯನ್ನು ಸತ್ರ ನ್ಯಾಯಾಲಯಕ್ಕೆ ಸಲ್ಲಿಸತಕ್ಕದ್ದು.

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನಿಪ್ಪಾಣಿ ಅಥವಾ ತವಂದಿ ಘಾಟಿನ ಬಳಿ ನಡೆದ ಅಪಘಾತದ ಪ್ರಕರಣವು ಸಾಮಾನ್ಯವಾಗಿ ನಿಪ್ಪಾಣಿಯ ನ್ಯಾಯಾಲಯದಲ್ಲಿ ನಡೆಯುತ್ತದೆ. ಅದರ ತೀರ್ಪಿನ ವಿರುದ್ಧದ ಮೇಲ್ಮನವಿಯು ಚಿಕ್ಕೋಡಿಯಲ್ಲಿ ಕಲಾಪ ನಡೆಸುವ ಬೆಳಗಾವಿ ಜಿಲ್ಲೆಯ ಹೆಚ್ಚುವರಿ ಜಿಲ್ಲಾ ಮತ್ತು ಸತ್ರ ನ್ಯಾಯಾಲಯದ ಮುಂದೆ ಬರುತ್ತದೆ. ಅಥಣಿ, ರಾಯಬಾಗ ಮತ್ತು ಕಾಗವಾಡ ಭಾಗದ ಪ್ರಕರಣಗಳಲ್ಲಿ ಮೇಲ್ಮನವಿಯನ್ನು ಎಲ್ಲಿ ಸಲ್ಲಿಸಬೇಕೆಂಬುದನ್ನು ತೀರ್ಪು ನೀಡಿದ ನ್ಯಾಯಾಲಯದ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳುವುದು.

ಹಿಂದೆ ಚಿಕ್ಕೋಡಿ ತಾಲ್ಲೂಕಿಗೆ ಸೇರಿದ್ದ ಭೋಜ ಗ್ರಾಮವು ಈಗ ನಿಪ್ಪಾಣಿ ತಾಲ್ಲೂಕಿನಲ್ಲಿದೆ. ಹಳೆಯ ಕಡತದಲ್ಲಿ ವಿಳಾಸವು ಚಿಕ್ಕೋಡಿ ತಾಲ್ಲೂಕೆಂದೂ ಆಧಾರ್ ಅಥವಾ ಪಡಿತರ ಚೀಟಿಯಲ್ಲಿ ನಿಪ್ಪಾಣಿ ತಾಲ್ಲೂಕೆಂದೂ ಇದ್ದಲ್ಲಿ, ಅದರಿಂದ ಮೇಲ್ಮನವಿಗೆ ಬಾಧಕವಿಲ್ಲ. ಈ ವ್ಯತ್ಯಾಸವನ್ನು ಅರ್ಜಿಯಲ್ಲಿ ಒಂದು ವಾಕ್ಯದಲ್ಲಿ ನಮೂದಿಸಿದರೆ ಸಾಕು.

ಸತ್ರ ನ್ಯಾಯಾಲಯವೂ ಶಿಕ್ಷೆಯನ್ನು ಎತ್ತಿಹಿಡಿದಲ್ಲಿ ಎರಡನೆಯ ಮೇಲ್ಮನವಿಗೆ ಅವಕಾಶವಿಲ್ಲ. ಆದರೆ ಉಚ್ಚ ನ್ಯಾಯಾಲಯಕ್ಕೆ ಕ್ರಿಮಿನಲ್ ಪುನರೀಕ್ಷಣ ಅರ್ಜಿ, ಅಂದರೆ ರಿವಿಜನ್ ಅರ್ಜಿ, ಸಲ್ಲಿಸಬಹುದು. ಬೆಳಗಾವಿ ಜಿಲ್ಲೆಯು ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠದ ವ್ಯಾಪ್ತಿಯಲ್ಲಿದೆ. 2008ರ ಜುಲೈನಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡ ಇದು 2013ರ ಆಗಸ್ಟ್‌ನಿಂದ ಕಾಯಂ ಪೀಠವಾಗಿದೆ. ಆದ್ದರಿಂದ ಈ ಭಾಗದ ನಾಗರಿಕರು ಪುನರೀಕ್ಷಣ ಅರ್ಜಿಗಾಗಿ ಬೆಂಗಳೂರಿಗೆ ಹೋಗುವ ಅವಶ್ಯಕತೆಯಿರುವುದಿಲ್ಲ.

ಗಡಿಯಾಚೆಯ ಪ್ರಕರಣಗಳು: ಭೋಜ ಭಾಗದ ಅನೇಕರು ಉದ್ಯೋಗ, ವ್ಯಾಪಾರ ಮತ್ತು ಚಿಕಿತ್ಸೆಗಾಗಿ ಇಚಲಕರಂಜಿ, ಕಾಗಲ ಹಾಗೂ ಕೊಲ್ಹಾಪುರಕ್ಕೆ ಹೋಗಿಬರುತ್ತಾರೆ. ಅಲ್ಲಿ ಅಪಘಾತ ನಡೆದಿದ್ದಲ್ಲಿ ಪ್ರಕರಣವು ಮಹಾರಾಷ್ಟ್ರದ ನ್ಯಾಯಾಲಯಗಳಿಗೆ ಸೇರುತ್ತದೆ. ವಾಹನವು ಕರ್ನಾಟಕದಲ್ಲಿ ನೋಂದಣಿಯಾಗಿದೆ ಎಂಬ ಕಾರಣದಿಂದ ಚಿಕ್ಕೋಡಿಯಲ್ಲಿ ಮೇಲ್ಮನವಿ ಸಲ್ಲಿಸಲು ಬರುವುದಿಲ್ಲ. ಕೊಲ್ಹಾಪುರ ಜಿಲ್ಲೆಯ ಪ್ರಕರಣಗಳಲ್ಲಿ ಮೇಲ್ಮನವಿಯು ಆ ಜಿಲ್ಲೆಯ ಸತ್ರ ನ್ಯಾಯಾಲಯಕ್ಕೂ, ಪುನರೀಕ್ಷಣ ಅರ್ಜಿಯು 2025ರ ಆಗಸ್ಟ್‌ನಲ್ಲಿ ಕೊಲ್ಹಾಪುರದಲ್ಲಿ ಕಾರ್ಯಾರಂಭ ಮಾಡಿದ ಬಾಂಬೆ ಉಚ್ಚ ನ್ಯಾಯಾಲಯದ ಸಂಚಾರಿ ಪೀಠಕ್ಕೂ ಹೋಗುತ್ತದೆ.

4. ಕಾಲಮಿತಿ

ಕಾಲಪರಿಮಿತಿ ಅಧಿನಿಯಮ, 1963ರಂತೆ ಅವಧಿಗಳು ಹೀಗಿವೆ:

ಅ) ಸತ್ರ ನ್ಯಾಯಾಲಯಕ್ಕೆ ಮೇಲ್ಮನವಿ: 30 ದಿನಗಳು.
ಆ) ಉಚ್ಚ ನ್ಯಾಯಾಲಯಕ್ಕೆ ಪುನರೀಕ್ಷಣ ಅರ್ಜಿ: 90 ದಿನಗಳು.

ತೀರ್ಪು ನೀಡಿದ ದಿನವನ್ನೂ, ತೀರ್ಪಿನ ದೃಢೀಕೃತ ನಕಲು ಪಡೆಯಲು ತಗಲಿದ ದಿನಗಳನ್ನೂ ಲೆಕ್ಕದಿಂದ ಬಿಡಲಾಗುವುದು. ಉದಾಹರಣೆಗೆ, ಮಾರ್ಚ್ 3ರಂದು ತೀರ್ಪು ಬಂದು, ಮಾರ್ಚ್ 5ರಂದು ನಕಲಿಗೆ ಅರ್ಜಿ ಸಲ್ಲಿಸಿ, ಮಾರ್ಚ್ 12ರಂದು ನಕಲು ಸಿದ್ಧವಾಗಿದ್ದಲ್ಲಿ, 30 ದಿನಗಳು ಏಪ್ರಿಲ್ 2ಕ್ಕೆ ಮುಗಿಯುತ್ತವೆ. ನಕಲಿಗೆ ತಗಲಿದ 8 ದಿನಗಳನ್ನು ಸೇರಿಸಿದಾಗ ಕೊನೆಯ ದಿನವು ಏಪ್ರಿಲ್ 10 ಆಗುತ್ತದೆ. ಆ ದಿನ ನ್ಯಾಯಾಲಯಕ್ಕೆ ರಜೆಯಿದ್ದಲ್ಲಿ ಮರಳಿ ತೆರೆಯುವ ದಿನ ಸಲ್ಲಿಸಬಹುದು.

ನಕಲು ಸಿದ್ಧವಾದ ಮೇಲೆ ಅದನ್ನು ಪಡೆದುಕೊಳ್ಳಲು ಮಾಡಿದ ವಿಳಂಬಕ್ಕೆ ಈ ರಿಯಾಯಿತಿ ದೊರೆಯುವುದಿಲ್ಲ. ಅರ್ಜಿ ಸಲ್ಲಿಸಿದ, ನಕಲು ಸಿದ್ಧವಾದ ಹಾಗೂ ವಿತರಿಸಿದ ದಿನಾಂಕಗಳು ನಕಲಿನ ಮೇಲೆ ನಮೂದಾಗಿರುತ್ತವೆ. ಅವಧಿ ಮೀರಿದ್ದಲ್ಲಿ, ಸಕಾರಣ ವಿವರಿಸಿ ವಿಳಂಬ ಮನ್ನಿಸುವಂತೆ ಕಲಂ 5ರ ಅಡಿಯಲ್ಲಿ ಪ್ರತ್ಯೇಕ ಅರ್ಜಿಯನ್ನು ಪ್ರಮಾಣಪತ್ರದೊಂದಿಗೆ ಸಲ್ಲಿಸಬಹುದು. ಅನಾರೋಗ್ಯವನ್ನು ಕಾರಣವಾಗಿ ಹೇಳುವವರು ವೈದ್ಯಕೀಯ ದಾಖಲೆಗಳನ್ನು ಲಗತ್ತಿಸುವುದು ಸೂಕ್ತ. ವಿಳಂಬ ಮನ್ನಿಸುವುದು ನ್ಯಾಯಾಲಯದ ವಿವೇಚನೆಗೆ ಸೇರಿದ್ದು, ಅದನ್ನು ಹಕ್ಕಾಗಿ ಕೇಳಲು ಬರುವುದಿಲ್ಲ.

5. ತಪ್ಪೊಪ್ಪಿಗೆಗೆ ಮುನ್ನ ತಿಳಿದಿರಬೇಕಾದ ಅಂಶ

ಕೋರ್ಟಿಗೆ ಅಲೆಯುವುದು ತಪ್ಪಲಿ, ದಂಡ ಕಟ್ಟಿ ಪ್ರಕರಣ ಮುಗಿಯಲಿ ಎಂಬ ಉದ್ದೇಶದಿಂದ ಕೆಲವು ಚಾಲಕರು ಮೊದಲ ಹಾಜರಾತಿಯಲ್ಲಿಯೇ ತಪ್ಪೊಪ್ಪಿಕೊಳ್ಳುತ್ತಾರೆ. ಇದರ ಪರಿಣಾಮ ದೊಡ್ಡದು. ಪ್ರಥಮ ದರ್ಜೆ ದಂಡಾಧಿಕಾರಿಗಳ ಮುಂದೆ ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾದವರು ತದನಂತರ ಅಪರಾಧ ನಿರ್ಣಯವನ್ನು ಮೇಲ್ಮನವಿಯಲ್ಲಿ ಪ್ರಶ್ನಿಸುವಂತಿಲ್ಲ. ಶಿಕ್ಷೆಯ ಪ್ರಮಾಣ ಮತ್ತು ಅದರ ಕಾನೂನುಬದ್ಧತೆಯನ್ನು ಮಾತ್ರ ಪ್ರಶ್ನಿಸಬಹುದು. ಪ್ರಥಮ ದರ್ಜೆ ದಂಡಾಧಿಕಾರಿಗಳು 100 ರೂಪಾಯಿ ಮೀರದ ದಂಡವನ್ನಷ್ಟೇ ವಿಧಿಸಿದ ಸಣ್ಣ ಪ್ರಕರಣಗಳಲ್ಲಿಯೂ ಮೇಲ್ಮನವಿಗೆ ಅವಕಾಶವಿಲ್ಲ.

ಹೀಗೆ ದಾಖಲಾದ ಅಪರಾಧ ನಿರ್ಣಯವು ಮುಂದೆ ಚಾಲನಾ ಅನುಜ್ಞಾಪತ್ರದ ಅನರ್ಹತೆಗೆ, ಸಾರಿಗೆ ಸಂಸ್ಥೆಯಲ್ಲಿ ಅಥವಾ ಖಾಸಗಿ ಸಂಸ್ಥೆಯಲ್ಲಿ ಉದ್ಯೋಗದ ತೊಡಕಿಗೆ ಕಾರಣವಾಗಬಹುದು. ಮೂರು ವರ್ಷಗಳೊಳಗೆ ಕಲಂ 184ರ ಅಡಿಯಲ್ಲಿ ಅಂತಹುದೇ ಅಪರಾಧ ಮರುಕಳಿಸಿದರೆ ಎರಡನೆಯ ಅಪರಾಧವೆಂದು ಪರಿಗಣಿಸಿ ಹೆಚ್ಚಿನ ಶಿಕ್ಷೆ ವಿಧಿಸಲೂ ಅದು ಆಧಾರವಾಗುತ್ತದೆ. ವಾಹನ ಚಾಲನೆಯೇ ಜೀವನೋಪಾಯವಾಗಿರುವವರು ವಕೀಲರ ಸಲಹೆ ಪಡೆಯದೆ ತಪ್ಪೊಪ್ಪಿಕೊಳ್ಳುವುದು ಸೂಕ್ತವಲ್ಲ. ರಾಜಿ ಶುಲ್ಕ ಕಟ್ಟಲು ಕಾನೂನಿನಲ್ಲಿ ಅವಕಾಶವಿರುವ ಸಂಚಾರ ಉಲ್ಲಂಘನೆಯು ಸ್ಥಳದಲ್ಲಿಯೇ ಮುಗಿದಿದ್ದಲ್ಲಿ ನ್ಯಾಯಾಲಯದ ಅಪರಾಧ ನಿರ್ಣಯವಿರುವುದಿಲ್ಲ. ಅಂತಹ ಸಂದರ್ಭದಲ್ಲಿ ಮೇಲ್ಮನವಿಯ ಪ್ರಶ್ನೆಯೂ ಉದ್ಭವಿಸುವುದಿಲ್ಲ.

6. ಸಲ್ಲಿಸಬೇಕಾದ ದಾಖಲೆಗಳು

ಅ) ಮೇಲ್ಮನವಿ ಅರ್ಜಿ. ತೀರ್ಪಿನಲ್ಲಿರುವ ದೋಷಗಳನ್ನು ಕ್ರಮಾಂಕ ಸಹಿತ ಆಧಾರಗಳಾಗಿ ಬರೆದಿರತಕ್ಕದ್ದು.
ಆ) ತೀರ್ಪಿನ ದೃಢೀಕೃತ ನಕಲು. ಕಾರಾವಾಸದ ಶಿಕ್ಷೆಗೊಳಗಾದ ವ್ಯಕ್ತಿಗೆ ತೀರ್ಪಿನ ಒಂದು ನಕಲನ್ನು ತೀರ್ಪು ಪ್ರಕಟವಾದ ಕೂಡಲೇ ಉಚಿತವಾಗಿ ನೀಡತಕ್ಕದ್ದು.
ಇ) ವಕಾಲತ್ತುನಾಮೆ.
ಈ) ಶಿಕ್ಷೆಯನ್ನು ಅಮಾನತಿನಲ್ಲಿರಿಸಿ ಜಾಮೀನು ನೀಡುವಂತೆ ಕೋರುವ ಮಧ್ಯಂತರ ಅರ್ಜಿ.
ಉ) ಅವಧಿ ಮೀರಿದ್ದಲ್ಲಿ ವಿಳಂಬ ಮನ್ನಣೆಯ ಅರ್ಜಿ.
ಊ) ಚಾಲನಾ ಅನುಜ್ಞಾಪತ್ರವನ್ನು ಅನರ್ಹಗೊಳಿಸಿದ್ದಲ್ಲಿ ಆ ಆದೇಶಕ್ಕೆ ತಡೆ ಕೋರುವ ಅರ್ಜಿ.

ಇವುಗಳಲ್ಲದೆ ಪ್ರಥಮ ವರ್ತಮಾನ ವರದಿ, ಘಟನಾಸ್ಥಳದ ಪಂಚನಾಮೆ, ಕೈ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ ಅಥವಾ ಶವ ಪರೀಕ್ಷಾ ವರದಿ, ಎಲ್ಲ ಸಾಕ್ಷಿದಾರರ ಮುಖ್ಯ ವಿಚಾರಣೆ ಹಾಗೂ ಪಾಟೀಸವಾಲಿನ ಹೇಳಿಕೆಗಳು ಮತ್ತು ಆರೋಪಿಯ ಹೇಳಿಕೆಯ ನಕಲುಗಳನ್ನು ಪಡೆದು ವಕೀಲರಿಗೆ ಒದಗಿಸುವುದು ಅತ್ಯವಶ್ಯ. ಕಾರಾಗೃಹದಲ್ಲಿರುವವರು ತಮ್ಮ ಮೇಲ್ಮನವಿಯನ್ನು ಕಾರಾಗೃಹದ ಅಧಿಕಾರಿಗಳ ಮೂಲಕವೇ ಸಲ್ಲಿಸಬಹುದು.

7. ಮೇಲ್ಮನವಿ ಇತ್ಯರ್ಥವಾಗುವವರೆಗೆ

ಜಾಮೀನಿನ ಮೇಲಿದ್ದ ಆರೋಪಿಗೆ ಮೂರು ವರ್ಷ ಮೀರದ ಕಾರಾವಾಸ ವಿಧಿಸಿದಾಗ, ಮೇಲ್ಮನವಿ ಸಲ್ಲಿಸುವ ಇಚ್ಛೆಯನ್ನು ಆತನು ತಿಳಿಸಿದಲ್ಲಿ, ವಿಶೇಷ ಕಾರಣಗಳಿಲ್ಲದಿದ್ದರೆ, ತೀರ್ಪು ನೀಡಿದ ನ್ಯಾಯಾಲಯವೇ ಮೇಲ್ಮನವಿ ಸಲ್ಲಿಸಲು ಸಾಕಾಗುವಷ್ಟು ಅವಧಿಗೆ ಜಾಮೀನು ನೀಡತಕ್ಕದ್ದು. ಆದ್ದರಿಂದ ತೀರ್ಪಿನ ದಿನ ಜಾಮೀನುದಾರರೊಂದಿಗೆ ಹಾಜರಿರುವುದು ಹಿತಕರ. ಈ ಅವಧಿ ಮುಗಿಯುವುದರೊಳಗಾಗಿ ಸತ್ರ ನ್ಯಾಯಾಲಯದಿಂದ ಶಿಕ್ಷೆಯ ಅಮಾನತಿನ ಆದೇಶವನ್ನು ಪಡೆಯಬೇಕಾಗುತ್ತದೆ.

ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಚಾಲನಾ ಅನುಜ್ಞಾಪತ್ರದ ಅನರ್ಹತೆ ನಿಂತುಹೋಗುವುದಿಲ್ಲ. ಮೋಟಾರು ವಾಹನಗಳ ಅಧಿನಿಯಮದ ಕಲಂ 23ರಂತೆ, ಮೇಲ್ಮನವಿ ನ್ಯಾಯಾಲಯವು ನಿರ್ದಿಷ್ಟವಾಗಿ ಆದೇಶಿಸದ ಹೊರತು ನ್ಯಾಯಾಲಯದ ಅನರ್ಹತಾ ಆದೇಶವು ಜಾರಿಯಲ್ಲಿಯೇ ಇರುತ್ತದೆ. ಶಿಕ್ಷೆಯ ಅಮಾನತು ಬೇರೆ, ಅನರ್ಹತೆಯ ತಡೆ ಬೇರೆ. ಮೊದಲನೆಯದನ್ನು ಪಡೆದು ಎರಡನೆಯದನ್ನು ಕೇಳದೆ ವಾಹನ ಚಲಾಯಿಸಿದವರು ಹೊಸ ಅಪರಾಧಕ್ಕೆ ಗುರಿಯಾಗುತ್ತಾರೆ. ಅನುಜ್ಞಾಪತ್ರವನ್ನು ನ್ಯಾಯಾಲಯದ ಬದಲು ಪರವಾನಗಿ ಪ್ರಾಧಿಕಾರವು, ಅಂದರೆ ಪ್ರಾದೇಶಿಕ ಸಾರಿಗೆ ಕಚೇರಿಯು, ಕಲಂ 19ರ ಅಡಿಯಲ್ಲಿ ಅನರ್ಹಗೊಳಿಸಿದ್ದಲ್ಲಿ, ಅದಕ್ಕೆ 30 ದಿನಗಳೊಳಗೆ ನಿಯಮಿತ ಪ್ರಾಧಿಕಾರಕ್ಕೆ ಪ್ರತ್ಯೇಕ ಮೇಲ್ಮನವಿ ಸಲ್ಲಿಸತಕ್ಕದ್ದು.

8. ನ್ಯಾಯಾಲಯಗಳು ಪರಿಶೀಲಿಸುವ ಅಂಶಗಳು: ಕರ್ನಾಟಕದ ಮೂರು ಪ್ರಕರಣಗಳು

ಕರ್ನಾಟಕದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಕೆಳಕಂಡ ಮೂರು ಪ್ರಕರಣಗಳು ಮೇಲ್ಮನವಿಯ ಸಾಧ್ಯತೆಯನ್ನೂ ಮಿತಿಯನ್ನೂ ತಿಳಿಸುತ್ತವೆ.

ಸೈಯದ್ ಅಕ್ಬರ್ ವಿರುದ್ಧ ಕರ್ನಾಟಕ ರಾಜ್ಯ, 1979: ಬಸ್ಸಿನಡಿ ಸಿಲುಕಿ ಸುಮಾರು ನಾಲ್ಕು ವರ್ಷದ ಬಾಲಕಿಯೊಬ್ಬಳು ಮೃತಪಟ್ಟಿದ್ದಳು. ಘಟನೆಯೇ ಚಾಲಕನ ನಿರ್ಲಕ್ಷ್ಯವನ್ನು ಸಾರುತ್ತದೆ ಎಂಬ ತತ್ವವನ್ನು ಅನ್ವಯಿಸಿ ದಂಡಾಧಿಕಾರಿಗಳು ಚಾಲಕನನ್ನು ಅಪರಾಧಿಯೆಂದು ನಿರ್ಣಯಿಸಿದರು. ಸತ್ರ ನ್ಯಾಯಾಲಯವೂ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದವು. ಆದರೆ ಮಗುವು ಏಕಾಏಕಿ ರಸ್ತೆ ದಾಟಲು ಓಡಿತೆಂದೂ, ಚಾಲಕನು ಅದನ್ನು ಉಳಿಸಲು ಬಸ್ಸನ್ನು ರಸ್ತೆಯ ಬಲಕ್ಕೆ ತಿರುಗಿಸಿದನೆಂದೂ ಸಾಕ್ಷ್ಯವಿತ್ತು. ಸಾಕ್ಷಿದಾರರನ್ನು ಪ್ರತಿಕೂಲ ಸಾಕ್ಷಿಗಳೆಂದು ಪರಿಗಣಿಸಿದ ಮಾತ್ರಕ್ಕೆ ಅವರ ಹೇಳಿಕೆಯೆಲ್ಲವೂ ಅಳಿಸಿಹೋಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ಕ್ರಿಮಿನಲ್ ಪ್ರಕರಣದಲ್ಲಿ ಅಪರಾಧವನ್ನು ರುಜುವಾತುಪಡಿಸುವ ಹೊಣೆಯು ಕೊನೆಯವರೆಗೂ ಅಭಿಯೋಜನೆಯ ಮೇಲೆಯೇ ಇರುತ್ತದೆ, ಅದನ್ನು ಚಾಲಕನ ಮೇಲೆ ವರ್ಗಾಯಿಸಲಾಗದು ಎಂದು ತೀರ್ಮಾನಿಸಿ ಚಾಲಕನನ್ನು ಬಿಡುಗಡೆ ಮಾಡಿತು.

ಕರ್ನಾಟಕ ರಾಜ್ಯ ವಿರುದ್ಧ ಸತೀಶ್, 1998: ಹಳ್ಳ ದಾಟುವಾಗ ಟ್ರಕ್ಕೊಂದು ಮಗುಚಿ 15 ಜನರು ಮೃತಪಟ್ಟು 18 ಜನರು ಗಾಯಗೊಂಡಿದ್ದರು. ವಿಚಾರಣಾ ನ್ಯಾಯಾಲಯವು ಶಿಕ್ಷೆ ವಿಧಿಸಿತು, ಸತ್ರ ನ್ಯಾಯಾಲಯವು ಮೇಲ್ಮನವಿಯನ್ನು ವಜಾಗೊಳಿಸಿತು. ಪುನರೀಕ್ಷಣೆಯಲ್ಲಿ ಉಚ್ಚ ನ್ಯಾಯಾಲಯವು ಚಾಲಕನನ್ನು ಬಿಡುಗಡೆ ಮಾಡಿತು. ರಾಜ್ಯದ ಮೇಲ್ಮನವಿಯನ್ನು ಸರ್ವೋಚ್ಚ ನ್ಯಾಯಾಲಯವು ಒಪ್ಪಲಿಲ್ಲ. ಹೆಚ್ಚಿನ ವೇಗ ಎಂಬುದು ಸಾಪೇಕ್ಷ ಪದವಾಗಿದ್ದು, ಆ ಸಂದರ್ಭದಲ್ಲಿ ಹಾಗೆಂದರೇನು ಎಂಬುದನ್ನು ಅಭಿಯೋಜನೆಯು ಸಾಕ್ಷ್ಯದಿಂದ ತೋರಿಸಬೇಕು, ಸಾಕ್ಷಿದಾರರು ಆ ಪದವನ್ನು ಬಳಸಿದ ಮಾತ್ರಕ್ಕೆ ದುಡುಕು ಅಥವಾ ನಿರ್ಲಕ್ಷ್ಯ ರುಜುವಾತಾಗದು ಎಂದು ಅದು ಹೇಳಿತು. ವಾಹನವನ್ನು ಪರೀಕ್ಷಿಸಿದ ಮೋಟಾರು ವಾಹನ ನಿರೀಕ್ಷಕರನ್ನು ಸಾಕ್ಷಿಯಾಗಿ ವಿಚಾರಿಸದಿದ್ದುದನ್ನೂ ಅವರ ವರದಿ ಕಡತದಲ್ಲಿ ಇಲ್ಲದಿದ್ದುದನ್ನೂ ಗಂಭೀರ ಕೊರತೆಯೆಂದು ಪರಿಗಣಿಸಿತು.

ಈ ತೀರ್ಪು ಈ ಭಾಗದ ಪ್ರಕರಣಗಳಿಗೆ ವಿಶೇಷವಾಗಿ ಪ್ರಸ್ತುತವಾಗಿದೆ. ಉತ್ತರ ಕರ್ನಾಟಕದ ಫಿರ್ಯಾದಿಗಳಲ್ಲಿಯೂ ದೋಷಾರೋಪಣ ಪತ್ರಗಳಲ್ಲಿಯೂ “ಅತೀ ಜೋರಿನಿಂದ ಹಾಗೂ ನಿಷ್ಕಾಳಜಿತನದಿಂದ” ವಾಹನ ನಡೆಸಿದನೆಂಬ ಒಕ್ಕಣೆ ಸಾಮಾನ್ಯವಾಗಿ ಕಂಡುಬರುತ್ತದೆ. ಇದು ಆರೋಪದ ಭಾಷೆ. ರಸ್ತೆಯ ಅಗಲ, ತಿರುವು, ಬೆಳಕು, ಜನಸಂದಣಿ, ಬ್ರೇಕಿನ ಗುರುತಿನ ಉದ್ದ, ಡಿಕ್ಕಿಯಾದ ಸ್ಥಾನ, ವಾಹನ ನಿಂತ ಸ್ಥಾನ ಇವುಗಳ ವಿವರ ಸಾಕ್ಷ್ಯದಲ್ಲಿ ಬಂದಾಗ ಮಾತ್ರ ಆ ಆರೋಪಕ್ಕೆ ಆಧಾರ ದೊರೆಯುತ್ತದೆ. ಅಂತಹ ವಿವರಗಳು ಸ್ಪಷ್ಟವಾಗಿ ಬಂದಿದ್ದಲ್ಲಿ ಸತೀಶ್ ಪ್ರಕರಣದ ತೀರ್ಪನ್ನು ಉಲ್ಲೇಖಿಸುವುದರಿಂದ ಮೇಲ್ಮನವಿದಾರರಿಗೆ ಪ್ರಯೋಜನವಾಗದು.

ಕರ್ನಾಟಕ ರಾಜ್ಯ ವಿರುದ್ಧ ಶರಣಪ್ಪ ಬಸನಗೌಡ ಅರೆಗೌಡರ್, 2002: ನಾಲ್ವರು ಮೃತಪಟ್ಟ ಈ ಪ್ರಕರಣದಲ್ಲಿ ಉಚ್ಚ ನ್ಯಾಯಾಲಯವು ಅಪರಾಧ ನಿರ್ಣಯವನ್ನು ಉಳಿಸಿಕೊಂಡು, ಕಾರಾವಾಸವನ್ನು ತೆಗೆದು ದಂಡಕ್ಕೆ ಸೀಮಿತಗೊಳಿಸಿತ್ತು. ರಾಜ್ಯವು ಇದನ್ನು ಪ್ರಶ್ನಿಸಿದಾಗ ಸರ್ವೋಚ್ಚ ನ್ಯಾಯಾಲಯವು ಆರು ತಿಂಗಳ ಕಾರಾವಾಸವನ್ನು ಮರುಸ್ಥಾಪಿಸಿತು. ದೋಷ ರುಜುವಾತಾದ ಮೇಲೆ ಶಿಕ್ಷೆಯ ವಿಷಯದಲ್ಲಿ ಅನುಕಂಪಕ್ಕೆ ಮಿತಿಯಿದೆ ಎಂಬುದು ಇದರ ಸಾರ. 2000ದಲ್ಲಿ ದಲ್‌ಬೀರ್ ಸಿಂಗ್ ವಿರುದ್ಧ ಹರಿಯಾಣ ರಾಜ್ಯ ಪ್ರಕರಣದಲ್ಲಿಯೂ, ನಿರ್ಲಕ್ಷ್ಯದ ಚಾಲನೆಯಿಂದ ಮರಣ ಸಂಭವಿಸಿದಾಗ ಪರಿವೀಕ್ಷಣೆಯ ಮೇಲೆ, ಅಂದರೆ ಪ್ರೊಬೇಷನ್ ಮೇಲೆ, ಬಿಡುಗಡೆ ಮಾಡುವುದು ಸೂಕ್ತವಲ್ಲವೆಂದು ಅದೇ ನ್ಯಾಯಾಲಯವು ಹೇಳಿತ್ತು. ಆದ್ದರಿಂದ ಕುಟುಂಬದ ಬಡತನ, ಚಿಕ್ಕ ವಯಸ್ಸು, ಮೊದಲ ತಪ್ಪು ಎಂಬ ಕಾರಣಗಳನ್ನಷ್ಟೇ ನೆಚ್ಚಿ ಮೇಲ್ಮನವಿ ಹೂಡುವವರು ಈ ತೀರ್ಪುಗಳನ್ನು ಗಮನದಲ್ಲಿರಿಸಿಕೊಳ್ಳುವುದು.

9. ಮೇಲ್ಮನವಿಯಲ್ಲಿ ಎತ್ತಬಹುದಾದ ಪ್ರಮುಖ ಆಧಾರಗಳು

ಅ) ಚಾಲಕನ ಗುರುತು: ಘಟನೆಯ ವೇಳೆ ವಾಹನವನ್ನು ಆರೋಪಿಯೇ ನಡೆಸುತ್ತಿದ್ದನೆಂಬುದು ರುಜುವಾತಾಗಿದೆಯೇ. ವಾಹನದ ಮಾಲೀಕನಾಗಿರುವುದು ಬೇರೆ, ಚಾಲಕನಾಗಿರುವುದು ಬೇರೆ.

ಆ) ಪಂಚನಾಮೆ ಮತ್ತು ನಕ್ಷೆ: ಇವು ಪರಸ್ಪರ ಹೊಂದುತ್ತವೆಯೇ. ಡಿಕ್ಕಿಯಾದ ಸ್ಥಳವು ರಸ್ತೆಯ ಯಾವ ಬದಿಗೆ, ಅಂಚಿನಿಂದ ಎಷ್ಟು ಅಡಿಯಲ್ಲಿತ್ತು ಎಂಬುದು ನಮೂದಾಗಿದೆಯೇ.

ಇ) ಯಾಂತ್ರಿಕ ದೋಷ: ಬ್ರೇಕ್ ವಿಫಲವಾಯಿತೆಂದು ಆರೋಪಿಯು ಹೇಳಿದ್ದಲ್ಲಿ ನಿರೀಕ್ಷಕರ ವರದಿ ಏನು ಹೇಳುತ್ತದೆ. ಬ್ರೇಕ್ ಸುಸ್ಥಿತಿಯಲ್ಲಿತ್ತೆಂದು ವರದಿಯಿದ್ದರೆ ಈ ಆಧಾರವು ನಿಲ್ಲುವುದು ಕಷ್ಟ.

ಈ) ಮರಣಕ್ಕೂ ಕೃತ್ಯಕ್ಕೂ ನೇರ ಸಂಬಂಧ: ಮರಣವು ಆರೋಪಿಯ ಕೃತ್ಯದ ನೇರ ಪರಿಣಾಮವಾಗಿರಬೇಕು. ಕಬ್ಬು ನುರಿಯುವ ಹಂಗಾಮಿನಲ್ಲಿ ಈ ಭಾಗದ ರಸ್ತೆಗಳಲ್ಲಿ ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರ್‌ಗಳ ಸಂಚಾರ ಅಧಿಕ. ಹಿಂಬದಿಯ ಕೆಂಪು ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದೆ ರಾತ್ರಿ ರಸ್ತೆಯಲ್ಲಿ ನಿಂತ ಟ್ರೇಲರ್‌ಗೆ ಬೈಕ್ ಡಿಕ್ಕಿಯಾದಾಗ, ದೋಷ ಯಾರದೆಂಬುದನ್ನು ಈ ಸಂಗತಿಗಳ ಆಧಾರದ ಮೇಲೆಯೇ ನಿರ್ಣಯಿಸಬೇಕಾಗುತ್ತದೆ.

ಉ) ಕಲಂ 209ರ ಪೂರ್ವಸೂಚನೆ: ಮೋಟಾರು ವಾಹನಗಳ ಅಧಿನಿಯಮದ ಕಲಂ 183 ಅಥವಾ 184ರ ಅಡಿಯಲ್ಲಿ ಶಿಕ್ಷಿಸಲು, ಘಟನೆಯ ವೇಳೆಯಲ್ಲಿಯೇ ಎಚ್ಚರಿಕೆ ನೀಡಿರಬೇಕು, ಅಥವಾ 14 ದಿನಗಳೊಳಗೆ ನೋಂದಾಯಿತ ಅಂಚೆಯ ಮೂಲಕ ನೋಟಿಸು ಕಳುಹಿಸಿರಬೇಕು, ಅಥವಾ 28 ದಿನಗಳೊಳಗೆ ಸಮನ್ಸು ಜಾರಿಯಾಗಿರಬೇಕು. ಚಾಲಕ ಹಾಗೂ ಮಾಲೀಕರ ವಿಳಾಸವು ಪ್ರಯತ್ನಿಸಿದರೂ ಸಕಾಲದಲ್ಲಿ ಪತ್ತೆಯಾಗದಿದ್ದಲ್ಲಿ, ಅಥವಾ ಆರೋಪಿಯ ನಡತೆಯಿಂದಲೇ ಲೋಪವಾಗಿದ್ದಲ್ಲಿ ಇದಕ್ಕೆ ವಿನಾಯಿತಿಯಿದೆ. ದುಡುಕಿನ ಚಾಲನೆ ಅಥವಾ ಮರಣಕ್ಕೆ ಸಂಬಂಧಿಸಿದ ನ್ಯಾಯ ಸಂಹಿತೆಯ ಆರೋಪಗಳಿಗೆ ಈ ಕಲಂ ಅನ್ವಯಿಸುವುದಿಲ್ಲ.

ಊ) ಭಾಷೆ: ಆರೋಪಿಗೆ ತಿಳಿಯದ ಭಾಷೆಯಲ್ಲಿ ನೀಡಲಾದ ಸಾಕ್ಷ್ಯವನ್ನು ಆತನು ಹಾಜರಿರುವಾಗ ಆತನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸತಕ್ಕದ್ದು. ಕನ್ನಡ ಮತ್ತು ಮರಾಠಿ ಎರಡೂ ಬಳಕೆಯಲ್ಲಿರುವ ಈ ಭಾಗದಲ್ಲಿ ಈ ಅಂಶವು ಮಹತ್ವದ್ದು. ವಿವರಣೆ ಬೇಕಾದವರು ವಿಚಾರಣೆಯ ಹಂತದಲ್ಲಿಯೇ ಕೇಳುವುದು.

ಸತ್ರ ನ್ಯಾಯಾಲಯವು ಸಾಕ್ಷ್ಯವನ್ನು ಪೂರ್ಣವಾಗಿ ಮರುಪರಿಶೀಲಿಸಬಹುದು. ಬಿಡುಗಡೆ ಮಾಡುವ, ಮರುವಿಚಾರಣೆಗೆ ಆದೇಶಿಸುವ ಅಥವಾ ಶಿಕ್ಷೆಯನ್ನು ಕಡಿಮೆ ಮಾಡುವ ಅಧಿಕಾರ ಅದಕ್ಕಿದೆ. ಆರೋಪಿಯೊಬ್ಬನೇ ಸಲ್ಲಿಸಿದ ಮೇಲ್ಮನವಿಯಲ್ಲಿ ಶಿಕ್ಷೆಯನ್ನು ಹೆಚ್ಚಿಸುವಂತಿಲ್ಲ. ಪುನರೀಕ್ಷಣೆಯಲ್ಲಿ ಉಚ್ಚ ನ್ಯಾಯಾಲಯವು ಸಾಮಾನ್ಯವಾಗಿ ಸಾಕ್ಷ್ಯವನ್ನು ಮತ್ತೆ ತೂಗಿನೋಡುವುದಿಲ್ಲ. ತೀರ್ಪು ಕಾನೂನಿಗೆ ವಿರುದ್ಧವಾಗಿದೆಯೇ, ಸಾಕ್ಷ್ಯಕ್ಕೆ ಸಂಪೂರ್ಣ ವ್ಯತಿರಿಕ್ತವಾಗಿದೆಯೇ ಎಂಬುದನ್ನು ಮಾತ್ರ ನೋಡುತ್ತದೆ. ಆದಕಾರಣ ಸತ್ರ ನ್ಯಾಯಾಲಯದ ಮೇಲ್ಮನವಿಯನ್ನೇ ಪೂರ್ಣ ಸಿದ್ಧತೆಯಿಂದ ನಡೆಸತಕ್ಕದ್ದು.

10. ಗಾಯಾಳುಗಳು ಹಾಗೂ ಮೃತರ ಕುಟುಂಬದವರ ಹಕ್ಕುಗಳು

ಚಾಲಕನ ಮೇಲ್ಮನವಿಯಿಂದ ಪರಿಹಾರ ನಿಂತುಹೋಗುವುದೆಂಬ ಆತಂಕ ಬೇಡ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದಿನ ಅರ್ಜಿಯು ಪ್ರತ್ಯೇಕ ವ್ಯವಹಾರವಾಗಿದೆ. ಕ್ರಿಮಿನಲ್ ಪ್ರಕರಣದಲ್ಲಿ ದೋಷವು ಸಂಶಯಾತೀತವಾಗಿ ರುಜುವಾತಾಗಬೇಕು. ನ್ಯಾಯಮಂಡಳಿಯಲ್ಲಿ ಸಂಭವನೀಯತೆಯ ಪ್ರಾಬಲ್ಯ ಸಾಕು. ಹೀಗಾಗಿ ಚಾಲಕನು ಮೇಲ್ಮನವಿಯಲ್ಲಿ ಬಿಡುಗಡೆಯಾದರೂ ಕುಟುಂಬದ ಪರಿಹಾರದ ಹಕ್ಕು ತಾನಾಗಿಯೇ ನಷ್ಟವಾಗುವುದಿಲ್ಲ.

ವಿಚಾರಣಾ ನ್ಯಾಯಾಲಯವು ಆರೋಪಿಯನ್ನು ಬಿಡುಗಡೆ ಮಾಡಿದಲ್ಲಿ, ಕಡಿಮೆ ಗುರುತರವಾದ ಅಪರಾಧಕ್ಕೆ ಮಾತ್ರ ಶಿಕ್ಷಿಸಿದಲ್ಲಿ ಅಥವಾ ಅಸಮರ್ಪಕ ಪರಿಹಾರ ನೀಡಿದಲ್ಲಿ ಸಂತ್ರಸ್ತರೂ ಮೇಲ್ಮನವಿ ಸಲ್ಲಿಸಬಹುದು. ಶಿಕ್ಷೆ ಕಡಿಮೆಯಾಯಿತೆಂಬ ಕಾರಣಕ್ಕೆ ಮೇಲ್ಮನವಿ ಸಲ್ಲಿಸುವ ಅಧಿಕಾರವು ರಾಜ್ಯಕ್ಕಿದೆ. ಚಾಲಕನ ಮೇಲ್ಮನವಿಯಲ್ಲಿ ರಾಜ್ಯದ ಪರವಾಗಿ ಸರ್ಕಾರಿ ಅಭಿಯೋಜಕರು ವಾದಿಸುತ್ತಾರೆ. ಕುಟುಂಬದವರು ಅವರನ್ನು ಕಂಡು ಪ್ರಕರಣದ ಸ್ಥಿತಿಯನ್ನು ತಿಳಿದುಕೊಳ್ಳಬಹುದು.

11. ಉಚಿತ ಕಾನೂನು ನೆರವು

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಅಭಿರಕ್ಷೆಯಲ್ಲಿರುವವರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಉಚಿತ ವಕೀಲರ ಸೇವೆಗೆ ಅರ್ಹರು. ಈ ನೆರವು ಮೇಲ್ಮನವಿಗೂ ದೊರೆಯುತ್ತದೆ. ಅರ್ಜಿಯನ್ನು ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅಥವಾ ಬೆಳಗಾವಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಸಲ್ಲಿಸುವುದು. ರಾಷ್ಟ್ರೀಯ ಕಾನೂನು ನೆರವು ಸಹಾಯವಾಣಿ ಸಂಖ್ಯೆ: 15100.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ದಂಡದ ಹಣವನ್ನು ಕಟ್ಟಿದ ಮೇಲೆ ಮೇಲ್ಮನವಿ ಸಲ್ಲಿಸಬಹುದೇ?
ಉತ್ತರ: ಸಲ್ಲಿಸಬಹುದು. ವಿಚಾರಣೆಯ ನಂತರ ವಿಧಿಸಿದ ದಂಡವನ್ನು ಕಟ್ಟಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ತಪ್ಪೊಪ್ಪಿಗೆಯ ಪ್ರಕರಣಗಳಿಗೆ ಮೇಲಿನ 5ನೆಯ ಭಾಗ ಅನ್ವಯಿಸುತ್ತದೆ.

ಪ್ರಶ್ನೆ: ಮೇಲ್ಮನವಿಯಲ್ಲಿ ಹೊಸ ಸಾಕ್ಷಿಯನ್ನು ಹಾಜರುಪಡಿಸಬಹುದೇ?
ಉತ್ತರ: ನ್ಯಾಯಾಲಯವು ಅಗತ್ಯವೆಂದು ಭಾವಿಸಿ, ಕಾರಣಗಳನ್ನು ದಾಖಲಿಸಿದಲ್ಲಿ ಮಾತ್ರ ಹೆಚ್ಚುವರಿ ಸಾಕ್ಷ್ಯಕ್ಕೆ ಅವಕಾಶವಿದೆ. ವಿಚಾರಣೆಯಲ್ಲಿ ಬಿಟ್ಟುಹೋದುದನ್ನೆಲ್ಲ ಸೇರಿಸುವ ಅವಕಾಶ ಇದಲ್ಲ.

ಪ್ರಶ್ನೆ: ಮೃತರ ಕುಟುಂಬದೊಂದಿಗೆ ರಾಜಿಯಾದರೆ ಪ್ರಕರಣ ಮುಗಿಯುವುದೇ?
ಉತ್ತರ: ಇಲ್ಲ. ನಿರ್ಲಕ್ಷ್ಯದಿಂದ ಮರಣಕ್ಕೆ ಕಾರಣವಾಗುವುದು ರಾಜಿಯಾಗಬಲ್ಲ ಅಪರಾಧವಲ್ಲ. ಪರಿಹಾರ ನೀಡಿರುವುದನ್ನು ಶಿಕ್ಷೆಯ ಪ್ರಮಾಣದ ಸಂದರ್ಭದಲ್ಲಿ ನ್ಯಾಯಾಲಯದ ಗಮನಕ್ಕೆ ತರಬಹುದು.

ಪ್ರಶ್ನೆ: ಪ್ರಕರಣದ ಮುಂದಿನ ದಿನಾಂಕವನ್ನು ತಿಳಿಯುವುದು ಹೇಗೆ?
ಉತ್ತರ: ಪ್ರತಿ ಪ್ರಕರಣಕ್ಕೆ 16 ಅಕ್ಷರಾಂಕಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಸೇವೆಯಲ್ಲಿ ಅದನ್ನು ನಮೂದಿಸಿ ಪ್ರಕರಣದ ಸ್ಥಿತಿ, ಮುಂದಿನ ದಿನಾಂಕ ಮತ್ತು ಆದೇಶಗಳನ್ನು ನೋಡಬಹುದು.

ಪ್ರಶ್ನೆ: ಮೇಲ್ಮನವಿಯಲ್ಲಿ ಬಿಡುಗಡೆಯಾದ ಚಾಲಕನಿಗೆ ಉದ್ಯೋಗ ತಾನಾಗಿ ಮರಳಿ ದೊರೆಯುವುದೇ?
ಉತ್ತರ: ಇಲಾಖಾ ವಿಚಾರಣೆಯು ಪ್ರತ್ಯೇಕವಾದದ್ದು. ಬಿಡುಗಡೆಯ ತೀರ್ಪಿನ ದೃಢೀಕೃತ ನಕಲಿನೊಂದಿಗೆ ಉದ್ಯೋಗದಾತ ಸಂಸ್ಥೆಗೆ ಲಿಖಿತ ಮನವಿ ಸಲ್ಲಿಸತಕ್ಕದ್ದು.

13. ಸೂಚನೆ

ಮೇಲಿನ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಇವೆ. ಕಾನೂನಿನ ಮೂಲ ಪಾಠ ಹಾಗೂ ನ್ಯಾಯಾಲಯಗಳ ತೀರ್ಪುಗಳೇ ಅಂತಿಮ ಆಧಾರವಾಗಿರುತ್ತವೆ. ತೀರ್ಪು ಬಂದ ದಿನವೇ ನಕಲಿಗೆ ಅರ್ಜಿ ಸಲ್ಲಿಸಿ, ತಮ್ಮ ಪ್ರಕರಣದ ಕಡತದೊಂದಿಗೆ ವಕೀಲರನ್ನು ಅಥವಾ ಕಾನೂನು ಸೇವೆಗಳ ಸಮಿತಿಯನ್ನು ಸಂಪರ್ಕಿಸಲು ನಾಗರಿಕರಿಗೆ ಕೋರಲಾಗಿದೆ.